ಹಸಿ ಬಣ್ಣದ ಮೇಲೆ ಹಲ್ಲಿನ ಗುರುತು

"ಮೇಲೆ ಬನ್ನಿ ಮೇಡಂ. ಸೈರನ್ ಕೇಳಿಸ್ಲಿಲ್ವಾ? ನೀರು ಬಿಡ್ತಾ ಇದಾರೆ."

ಮೇಸ್ತ್ರಿಯ ದನಿ ಮೇಲಿನಿಂದ ಗುಂಡಿಯೊಳಕ್ಕೆ ಬಿದ್ದು ಗೋಡೆಯಿಂದ ಗೋಡೆಗೆ ಉರುಳಾಡಿತು. ಪತ್ತೇದಾರಿ ಭೂತಗನ್ನಡಿ ಕತ್ತೆತ್ತಲಿಲ್ಲ. ಅವಳೆದುರು ಅಣೆಕಟ್ಟೆಯ ಮೂರನೇ ಗೇಟು ನಿಂತಿತ್ತು. ಮೂರು ಮಹಡಿ ಎತ್ತರದ ಉಕ್ಕಿನ ಬಾಗಿಲು, ಮೈತುಂಬ ಹೊಸ ಕಪ್ಪು ಬಣ್ಣ. ಬೆನ್ನ ಹಿಂದೆ ತಾತ್ಕಾಲಿಕ ತಡೆಗೋಡೆ, ಅದರಾಚೆ ನದಿ. ಗೋಡೆಯ ಸಂದಿಗಳಿಂದ ಜಿನುಗಿದ ನೀರು ಆಗಲೇ ಅವಳ ಬೂಟಿನ ಹಿಮ್ಮಡಿ ಮುಟ್ಟಿತ್ತು.

"ಕೇಳಿಸ್ತು" ಎಂದಳು. "ಕಿಡಿ ಪರೀಕ್ಷೆ ಆಯ್ತಾ?"

"ಮೊದಲು ಮೇಲೆ ಬನ್ನಿ ಮೇಡಂ."

"ಮೇಸ್ತ್ರಿಗಳೇ, ಕಿಡಿ ಪರೀಕ್ಷೆ ಆಯ್ತಾ ಅಂದೆ. ನಿಮ್ಮ ಶೆಡ್ಡಿನ ಬಾಗಿಲ ಮೇಲೆ ಕೆಂಪಕ್ಷರದಲ್ಲಿ ನೀವೇ ಬರೆಸಿ ಹಾಕಿದೀರಿ. ಪರೀಕ್ಷೆ ಆಗದೆ ಹೊಸ ಬಣ್ಣಕ್ಕೆ ನೀರು ಸೋಕಿಸಬಾರದು ಅಂತ."

ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ ಸೋದರಮಾವ ಗಂಟಲಲ್ಲೇ ನಕ್ಕ. "ಅವರ ಬೆರಳಿಂದ ಅವರ ಕಣ್ಣಿಗೇ ತಿವಿದೆ ಬಿಡು. ಆದ್ರೆ ಬೇಗ ಮುಗಿಸು ಮಗಳೆ. ನನಗೆ ಈಜು ಬರಲ್ಲ. ಜೀಪಿಗಂತೂ ಬರೋದೇ ಇಲ್ಲ."

ಅವಳಿಗೆ ಭೂತಗನ್ನಡಿ ಎಂಬ ಹೆಸರು ಬಂದದ್ದು ಸದಾ ಜೇಬಿನಲ್ಲಿರುವ ಹಿತ್ತಾಳೆ ಹಿಡಿಯ ಭೂತಗನ್ನಡಿಯಿಂದ. ಮಾವನ ಪ್ರಕಾರ ಮಾತ್ರ, ಚಿಕ್ಕದನ್ನೆಲ್ಲ ದೊಡ್ಡದು ಮಾಡುವ ಅವಳ ಬುದ್ಧಿಯಿಂದ.

ಕಳೆದ ವಾರ ಇದೇ ಗುಂಡಿಯ ತಳದಲ್ಲಿ ಬಣ್ಣದ ಪರೀಕ್ಷಕನ ಹೆಣ ಸಿಕ್ಕಿತ್ತು. ಕೂದಲೆಳೆಗಿಂತ ತೆಳುವಾದ ಲೆಕ್ಕಕ್ಕೂ ಜಗಳ ತೆಗೆಯುತ್ತಿದ್ದ ಮನುಷ್ಯ. ಅದಕ್ಕೇ ಕೆಲಸದವರೆಲ್ಲ ಅವನನ್ನು ಮೈಕ್ರಾನ್ ಅನ್ನುತ್ತಿದ್ದರು. ಪೊಲೀಸರು ಹಿಡಿದದ್ದು ಅವನ ಹೆಂಡತಿಯ ತಮ್ಮನನ್ನು. ಗೇಟಿಗೆ ಬಣ್ಣ ಹೊಡೆದವನು ಅವನೇ. ಬಣ್ಣದ ಗನ್ನು ದಿನವಿಡೀ ಬುಸ್ಸೆನ್ನುವ ಕಾರಣಕ್ಕೆ ಎಲ್ಲರ ಬಾಯಲ್ಲೂ ಬುಸ್ಸಣ್ಣ. ಬುಸ್ಸಣ್ಣ ಭಾವನನ್ನು ಅಟ್ಟಣಿಗೆಯಿಂದ ತಳ್ಳಿದ್ದನ್ನು ಕಣ್ಣಾರೆ ಕಂಡೆ ಎಂದು ಮೇಸ್ತ್ರಿ ಹೇಳಿಕೆ ಕೊಟ್ಟಿದ್ದ. ನಾಳೆ ಬುಸ್ಸಣ್ಣನನ್ನು ಕೋರ್ಟಿಗೆ ಒಯ್ಯುತ್ತಾರೆ. ಠಾಣೆಯಲ್ಲಿ ಅವನು ಆಡಿದ್ದು ಒಂದೇ ಮಾತು: "ನನ್ನನ್ನ ಏನಾದ್ರೂ ಮಾಡ್ಕೊಳ್ಳಿ, ಅಕ್ಕನ್ನ ಇದಕ್ಕೆ ಎಳೀಬೇಡಿ."

ಆ ಅಕ್ಕನೇ ಭೂತಗನ್ನಡಿಯನ್ನು ಕರೆಸಿದವಳು. ಗಂಡ ಮಣ್ಣಿಗೆ, ತಮ್ಮ ಜೈಲಿಗೆ. ಮಧ್ಯೆ ತಾನೊಬ್ಬಳು.

ಮೇಲೆ ಇನ್ನೊಂದು ತಲೆ ಕಂಡಿತು. ಗೇಟುಗಳ ಉಸ್ತುವಾರಿ ನೋಡುವ ಎಂಜಿನಿಯರ್. ಗಡ್ಡ ಕೆರೆದುಕೊಳ್ಳುತ್ತಿದ್ದ.

"ನೋಡಿ, ಮೇಲ್ಗಡೆಯಿಂದ ಪ್ರವಾಹ ಬರ್ತಾ ಇದೆ. ಈ ಗೇಟು ಕೆಲಸಕ್ಕೆ ಇಳೀದೆ ಹೋದ್ರೆ ನೀರು ದಂಡೆ ಹತ್ತುತ್ತೆ. ಕೆಳಗಿನ ಬೀದೀಲಿ ಜನ ಇದಾರೆ."

"ಗೊತ್ತು ಸಾರ್. ನಾನು ಬೇಡ ಅಂತಿಲ್ಲ. ಪರೀಕ್ಷೆ ಆಗ್ಲಿ ಅಂತಿದೀನಿ."

"ಪರೀಕ್ಷೆ ಮಾಡೋನೇ ಸತ್ತಿದಾನಲ್ಲಮ್ಮ."

"ಮೇಸ್ತ್ರಿಗಳಿಗೆ ಬರುತ್ತೆ. ಬರಲ್ಲ ಅಂತ ಅವರೇ ಹೇಳಲಿ ನೋಡೋಣ."

ಮೇಸ್ತ್ರಿಗೆ ಅಭಿಮಾನ ಕೆರಳಿತು. "ಯಾಕೆ ಬರಲ್ಲ? ಮೈಕ್ರಾನ್ ಅಣ್ಣ ಈ ಕಸುಬಿಗೆ ಬರೋ ಮೊದಲೇ ನಾನು ಆ ಬ್ರಷ್ ಹಿಡಿದೋನು."

"ಹಾಗಾದ್ರೆ ಇಳೀರಿ."

ಎಂಜಿನಿಯರ್ ಕೈ ಬೀಸಿದ. "ಸರಿ. ಪರೀಕ್ಷೆ ಮುಗಿಯೋವರೆಗೆ ಮಾತ್ರ. ತೂತು ಸಿಕ್ಕಿದ ಕಡೆ ತೇಪೆ ಹಾಕಿ ಮೇಲೆ ಬನ್ನಿ. ಆಮೇಲೆ ನೀವು ಕೂಗಿದ್ರೂ ನಾನು ನಿಲ್ಲಿಸಲ್ಲ."

ಕಂಬಿಯ ಬಳಿ ಮೂರನೇ ತಲೆಯೊಂದು ಬಾಗಿತು. ಅಕ್ಕ. ಕಿಡಿಯಂತ್ರವನ್ನು ಗಂಡ ಮನೆಯಲ್ಲೇ ಇಡುತ್ತಿದ್ದ. ಇನ್ನೊಬ್ಬರ ಕೈಯನ್ನು ಅವನು ನಂಬುತ್ತಿರಲಿಲ್ಲ. ಬೆಳಗ್ಗೆ ಭೂತಗನ್ನಡಿ ಕೇಳಿದ್ದಕ್ಕೆ ಅದನ್ನು ಪೆಟ್ಟಿಗೆಯ ಸಮೇತ ಹೊತ್ತು ತಂದಿದ್ದಳು. ಮೇಸ್ತ್ರಿ ಯಂತ್ರವನ್ನು ಹೆಗಲಿಗೆ ಹಾಕಿಕೊಳ್ಳುವಾಗ ಅವಳು ಮೇಲಿನಿಂದಲೇ ಎಚ್ಚರಿಸಿದಳು.

"ಬಟ್ಟೇಲಿ ಒರೆಸ್ಕೊಂಡು ಮಾಡಿ. ಒದ್ದೆ ಇರೋ ಕಡೆ ಸುಮ್ ಸುಮ್ನೆ ಕಿಡಿ ಹಾರುತ್ತೆ."

"ಓಹೋ, ಅತ್ತಿಗೇನೂ ಪರೀಕ್ಷಕರಾಗಿಬಿಟ್ರು" ಎಂದ ಮೇಸ್ತ್ರಿ.

"ನಮ್ಮನೇಲಿ ಊಟಕ್ಕಿಂತ ಇದೇ ಮಾತು ಜಾಸ್ತಿ ಇರ್ತಿತ್ತು" ಎಂದಳು ಅಕ್ಕ.

"ನೀವೂ ಬನ್ನಿ ಬೇಕಾದ್ರೆ" ಎಂದು ಭೂತಗನ್ನಡಿ ಕರೆದಳು.

"ಬೇಡ ಮೇಡಂ. ಅವರಿದ್ದಾಗಲೇ ಒಂದು ದಿನ ಇಲ್ಲಿಗೆ ಬಂದೋಳಲ್ಲ. ಏಣಿ ಎಲ್ಲಿದೆ ಅಂತಾನೂ ಗೊತ್ತಿಲ್ಲ. ಈಗ್ಯಾಕೆ?"

ಮೇಸ್ತ್ರಿ ಇಳಿದು ಬಂದ. ಅಗಲ ಹೆಗಲಿನ ಆಸಾಮಿ. ಯಂತ್ರದ ತಂತಿಯೊಂದನ್ನು ಬಣ್ಣ ಹೊಡೆಯದ ಬೋಲ್ಟಿಗೆ ಸಿಕ್ಕಿಸಿದ. ಇನ್ನೊಂದು ತುದಿಯಲ್ಲಿ ಹಿತ್ತಾಳೆ ಎಳೆಗಳ ಅಗಲವಾದ ಬ್ರಷ್. ಸ್ವಿಚ್ಚು ಒತ್ತಿದೊಡನೆ ಪೆಟ್ಟಿಗೆ ಜೇನುಗೂಡಿನಂತೆ ಗುಂಯ್ಗುಟ್ಟಿತು.

"ದೂರ ನಿಲ್ಲಿ. ಇದು ಮುಟ್ಟಿದ್ರೆ ಅಜ್ಜಿ ನೆನಪಾಗ್ತಾಳೆ."

"ಹೇಗೆ ಕೆಲಸ ಮಾಡುತ್ತೆ?" ಎಂದು ಮಾವ ಕೇಳಿದ.

ಮೇಸ್ತ್ರಿಗೆ ವಿವರಿಸುವುದೆಂದರೆ ಇಷ್ಟ. "ಬಣ್ಣ ಅಂದ್ರೆ ಉಕ್ಕಿಗೆ ಚರ್ಮ ಇದ್ದ ಹಾಗೆ. ಚರ್ಮ ದಪ್ಪ ಇದ್ರೆ ಕರೆಂಟು ದಾಟಲ್ಲ. ಸೂಜಿ ಮೊನೆಯಷ್ಟು ತೂತಿರಲಿ, ತೆಳುವಾಗಿರಲಿ, ಅಲ್ಲಿ ಕಿಡಿ ಹಾರುತ್ತೆ. ನೀರಂತೂ ಬಿಡಿ, ನೀರಲ್ಲಿ ಬರೋ ಮರಳಿದೆಯಲ್ಲ, ಅದು ಅರದ ಹಾಗೆ ಉಜ್ಜುತ್ತೆ. ಒಂದು ತೂತು ಸಿಕ್ರೆ ಸಾಕು, ಎರಡು ಮಳೆಗಾಲದಲ್ಲಿ ಅಂಗೈ ಅಗಲ ಉಕ್ಕು ಎದ್ದುಹೋಗುತ್ತೆ. ಅದಕ್ಕೇ ಈ ಬಣ್ಣಕ್ಕೆ ಗಾಜಿನ ಚಕ್ಕೆ ಬೆರೆಸೋದು. ಮೀನಿನ ಹುರುಪೆ ಥರ ಒಂದರ ಮೇಲೊಂದು ಕೂರುತ್ತೆ."

"ಮೂರು ಕೋಟ್ ಅಲ್ವಾ?" ಎಂದಳು ಭೂತಗನ್ನಡಿ.

"ಮೂರು. ಕೆಂಪು, ಬೂದು, ಕಪ್ಪು. ಒಂದೊಂದಕ್ಕೂ ಒಂದೊಂದು ಬಣ್ಣ. ಎಲ್ಲಾದ್ರೂ ಬಿಟ್ಟುಹೋಗಿದ್ರೆ ಕೆಳಗಿಂದು ಹಲ್ಲು ಕಿರಿದು ತೋರಿಸುತ್ತೆ."

"ನೀವು ಪೊಲೀಸರಿಗೆ ಹೇಳಿದ್ದು, ಬೂದು ಒಣಗಿತ್ತು, ಕಪ್ಪು ಇನ್ನೂ ಹೊಡೆದಿರಲಿಲ್ಲ. ಆಗ ಬುಸ್ಸಣ್ಣ ಭಾವನ್ನ ತಳ್ಳಿದ. ಸರೀನಾ?"

"ಸರಿ. ಊಟಕ್ಕೆ ಮುಂಚೆ. ತಳ್ಳಿ, ಏನೂ ಆಗದೋನ ಹಾಗೆ ಗನ್ ಹಿಡಿದು ಕಪ್ಪು ಹೊಡೆದ. ಹೆಣ ತಾಡಪಾಲಿನ ಮರೇಲಿ ಬಿದ್ದಿತ್ತು. ಸಂಜೆ ತಾಡಪಾಲು ಮಡಚುವಾಗ ಸಿಕ್ತು."

"ಬೀಳ್ತಾ ಗೇಟಿಗೆ ಬಡಿದ್ರು ಅಂದಿರಿ."

"ಹೌದು. ಅದೋ, ಆ ಪಟ್ಟಿ ಹತ್ರ."

"ಅಲ್ಲಿಂದಾನೇ ಶುರು ಮಾಡಿ."

ಬ್ರಷ್ ಗೇಟಿನ ಮೈಮೇಲೆ ಸರಿಯತೊಡಗಿತು. ಪಟ್ಟಿಯ ಮೇಲೆ, ಪಟ್ಟಿಯ ಕೆಳಗೆ, ಬೆಸುಗೆಯ ಗುಂಟ. ಏನೂ ಇಲ್ಲ. ಸೊಂಟದಲ್ಲಿ ಸುತ್ತಿಗೆ, ಕಾಲಲ್ಲಿ ಉಕ್ಕಿನ ಮೂತಿಯ ಬೂಟು ಇದ್ದ ಮನುಷ್ಯ ಬಡಿದು ಬಿದ್ದಿದ್ದರೆ ಬೂದು ಬಣ್ಣಕ್ಕೆ ಗಾಯವಾಗಿ ಅಲ್ಲಿ ಕಿಡಿ ಹಾರಬೇಕಿತ್ತು. ಮೇಸ್ತ್ರಿಯ ಮುಖ ಮಾತ್ರ ಅರಳುತ್ತ ಹೋಯಿತು; ಅವನಿಗೆ ಅದು ತನ್ನ ಕೆಲಸಕ್ಕೆ ಸಿಗುತ್ತಿದ್ದ ಸರ್ಟಿಫಿಕೇಟು.

"ನೋಡಿ ಹೇಗಿದೆ. ಬೆಣ್ಣೆ."

ಮಾವ ಅವಳ ಕಿವಿಯ ಬಳಿ ಬಂದ. "ಏನು ಹುಡುಕ್ತಿದೀಯೆ?"

"ಗೊತ್ತಿದ್ರೆ ಹುಡುಕ್ತಿದ್ನಾ ಮಾವ."

ನೀರು ಬೂಟಿನ ದಾರಕ್ಕೆ ಬಂತು. ಬ್ರಷ್ ಎಡಕ್ಕೆ ಹೊರಳಿತು. ಅಟ್ಟಣಿಗೆಯ ಕಂಬದಿಂದ ನಾಲ್ಕು ಮಾರು ಆಚೆ, ಎದೆಮಟ್ಟದ ಮೂಲೆ.

ಚಿಟ್.

ನೀಲಿ ಕಿಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲ.

ಮೇಸ್ತ್ರಿ ಕೈ ಹಿಂದೆಗೆದು ಮತ್ತೆ ಸವರಿದ. ಚಿಟ್ ಚಿಟ್. ಒಂದಲ್ಲ, ಎರಡು. ಹೆಬ್ಬೆರಳಿನುದ್ದ ಅಂತರದಲ್ಲಿ, ಒಂದೇ ಗೆರೆಯಲ್ಲಿ, ಹಾವು ಕಚ್ಚಿದ ಗುರುತಿನಂತೆ.

"ನಿಲ್ಲಿಸಿ" ಎಂದಳು. ಗುಂಯ್ಗುಡುವಿಕೆ ನಿಂತಿತು. "ಮಾವ, ಟಾರ್ಚು. ನೇರ ಬೇಡ, ಪಕ್ಕದಿಂದ ಹಿಡಿ."

ಪಕ್ಕದಿಂದ ಬಿದ್ದ ಬೆಳಕಿಗೆ ಕಪ್ಪು ಮೈಮೇಲೆ ಕಪ್ಪು ನೆರಳುಗಳು ಎದ್ದವು. ಸಣ್ಣ ಸಣ್ಣ ಕಚ್ಚುಗಳು. ಎರಡು ತುದಿಯ ಕಚ್ಚುಗಳು ಆಳ. ಅವುಗಳ ತಳದಲ್ಲಿ ಸೂಜಿಮೊನೆಯಷ್ಟು ಬೂದು ಬಣ್ಣ ಇಣುಕುತ್ತಿತ್ತು. ನಡುವೆ ಇನ್ನು ಕೆಲವು, ತೆಳು.

ಅವಳು ದನಿಯನ್ನು ಸಪ್ಪೆ ಮಾಡಿಕೊಂಡಳು. "ಇದೇನು ಮೇಸ್ತ್ರಿಗಳೇ? ಯಾರಾದ್ರೂ ಮೊಳೇಲಿ ಗೀಚಿದ್ರಾ?"

"ಮೊಳೆ ಎಲ್ಲಿಂದ ಬಂತು." ಮೇಸ್ತ್ರಿ ಮೂಗು ಗೇಟಿಗೆ ತಾಗುವಷ್ಟು ಬಾಗಿದ. "ಬಾಚಣಿಗೆ ಇದು."

"ತಲೆ ಬಾಚೋದಾ?"

"ಅಯ್ಯೋ, ನಮ್ಮ ಬಾಚಣಿಗೆ. ಉಕ್ಕಿನ ಬಿಲ್ಲೆ, ಅಂಚಿಗೆ ಹಲ್ಲು. ಎರಡು ತುದಿ ಹಲ್ಲು ಪೂರ್ತಿ ಉದ್ದ, ಮಧ್ಯದ್ದು ಒಂದಕ್ಕಿಂತ ಒಂದು ಗಿಡ್ಡ. ಬಣ್ಣಕ್ಕೆ ಒತ್ತಿದ್ರೆ ಯಾವ ಹಲ್ಲಿನವರೆಗೂ ಬಣ್ಣ ಅಂಟಿತೋ ಅಷ್ಟು ದಪ್ಪ ಬಂದಿದೆ ಅಂತ ಲೆಕ್ಕ."

"ಒಣಗಿದ ಮೇಲೆ ಒತ್ತಿರಬಹುದು."

"ಒಣಗಿದ ಮೇಲಾ?" ಮೇಸ್ತ್ರಿ ನಕ್ಕೇಬಿಟ್ಟ. "ಮೇಡಂ, ಈ ಬಣ್ಣ ಒಣಗಿದ್ರೆ ಉಳಿ ಹಿಡಿದು ಬಡೀಬೇಕು. ಹೊಡೆದು ಅರ್ಧ ಗಂಟೆ ಒಳಗೆ ಒತ್ತಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಇದು ಕಪ್ಪು ಹಸಿ ಇರುವಾಗ ಒತ್ತಿದ್ದೇ. ನಾನು ಬರೆದು ಕೊಡ್ತೀನಿ."

"ಯಾರು ಒತ್ತಿದ್ದು?"

"ಇನ್ಯಾರು, ಮೈಕ್ರಾನ್ ಅಣ್ಣ. ಬೇರೆಯೋರು ಬಾಚಣಿಗೆ ಮುಟ್ಟಿದ್ರೆ ಆ ಮನುಷ್ಯ ಇಡೀ..."

ಮೇಸ್ತ್ರಿಯ ಬಾಯಿ ತೆರೆದೇ ಇತ್ತು.

"ಹೇಳಿ" ಎಂದಳು ಭೂತಗನ್ನಡಿ. "ಕಪ್ಪು ಹೊಡೆಯೋಕೆ ಮುಂಚೇನೇ ಸತ್ತೋನು, ಕಪ್ಪು ಹಸಿ ಇರುವಾಗ ಬಂದು ಬಾಚಣಿಗೆ ಒತ್ತಿ ಹೋದ್ನಾ? ದೆವ್ವಕ್ಕೂ ಇಷ್ಟು ಕರ್ತವ್ಯನಿಷ್ಠೆ ಇರಲ್ಲ ಮೇಸ್ತ್ರಿಗಳೇ."

"ಅದು... ಹಂಗಲ್ಲ..."

"ನೀವು ನೋಡಿಲ್ಲ."

"ನಾನು ನೋಡ್ದೆ..."

"ಏನು ನೋಡಿದ್ರಿ? ಬುಸ್ಸಣ್ಣ ಗನ್ ಹಿಡಿದು ಗೇಟಿನ ಮುಂದೆ ನಿಂತಿದ್ದ, ತಲೆಗೆ ಗಾಳಿಕೊಳವೆಯ ಮುಸುಕು. ಅಂಥೋನು ಅಟ್ಟಣಿಗೆ ಮೇಲಿದ್ದೋನ್ನ ತಳ್ಳಿದ್ನಾ? ನೀವು ಆ ಹೊತ್ತಿಗೆ ಈ ಗುಂಡೀಲಿ ಇರಲೇ ಇಲ್ಲ. ಅಲ್ವಾ?"

ಮೇಸ್ತ್ರಿ ಅಟ್ಟಣಿಗೆಯ ಕಡೆ ನೋಡಿದ. ಕಳ್ಳನೋಟ, ಒಂದೇ ಒಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಭೂತಗನ್ನಡಿಗೆ ಅಷ್ಟು ಸಾಕಾಯಿತು. ಮೈಕ್ರಾನ್ ನಿಂತಿದ್ದ ಮೇಲ್ಹಲಗೆಗೆ ಈಗ ಎರಡೂ ಕಡೆ ಹೊಚ್ಚಹೊಸ ತಂತಿ ಬಿಗಿದಿತ್ತು. ಉಳಿದ ಹಲಗೆಗಳ ತಂತಿಗೆಲ್ಲ ಬಣ್ಣದ ಚುಕ್ಕೆ, ಇದಕ್ಕೆ ಮಾತ್ರ ಒಂದು ಹನಿಯೂ ಇಲ್ಲ.

"ಆ ತಂತಿ ಯಾವಾಗ ಕಟ್ಟಿದ್ದು?"

ಮೇಸ್ತ್ರಿಯ ಅಗಲ ಹೆಗಲು ಕುಸಿಯಿತು. ಯಂತ್ರದ ಪಟ್ಟಿ ಜಾರಿ ಮೊಳಕೈಗೆ ಬಂತು.

"ಹೆಣ ಸಿಕ್ಕಿದ ಮೇಲೆ" ಎಂದ. "ಹಲಗೆ ಕಟ್ಟಿರಲಿಲ್ಲ ಮೇಡಂ. ಕಟ್ತೀನಿ ಕಟ್ತೀನಿ ಅಂತಾನೇ ಇದ್ದೆ. ಶೆಡ್ಡಲ್ಲಿ ಊಟ ಮಾಡಿ ಒಂಚೂರು ಅಡ್ಡಾಗಿದ್ದೆ. ಎದ್ದು ಬಂದು, ಸಂಜೆ ತಾಡಪಾಲು ಮಡಚುವಾಗ ನೋಡ್ತೀನಿ, ಹೀಗಾಗಿದೆ. ಹಲಗೆ ಜಾರಿ ಬಿದ್ದ ಅಂದ್ರೆ ನನ್ನ ಕುತ್ತಿಗೆ ಹೋಗ್ತಿತ್ತು. ಬೆಳಗ್ಗೆ ಭಾವ-ಭಾಮೈದ ಬಣ್ಣದ ದಪ್ಪದ ಬಗ್ಗೆ ಜಗಳ ಆಡಿದ್ದು ಎಲ್ಲರೂ ಕೇಳಿದ್ರು. ಹಂಗಾಗಿ..."

"ಹಂಗಾಗಿ ಅವನ ಕುತ್ತಿಗೆ ಕೊಟ್ರಿ."

"ನನಗೂ ಮಕ್ಕಳಿದಾರೆ."

"ಅವನಿಗೆ ಅಕ್ಕ ಇದಾಳೆ. ಮೇಲೆ ನಿಂತಿದಾಳೆ. ಏಣಿ ಹತ್ತಿದ ತಕ್ಷಣ ಎಂಜಿನಿಯರ್ ಎದುರಿಗೆ ಇದನ್ನೇ ಹೇಳ್ತೀರಿ. ಸಂಜೆ ಠಾಣೇಲೂ ಹೇಳ್ತೀರಿ."

ಮೇಸ್ತ್ರಿ ತಲೆಯಾಡಿಸಿದ. ಅವನ ಮುಖದಲ್ಲಿ ಹೆದರಿಕೆಗಿಂತ ಬೇರೇನೋ ಇತ್ತು. ಒಂದು ವಾರ ಬಾಯಲ್ಲಿಟ್ಟುಕೊಂಡಿದ್ದ ಕಲ್ಲನ್ನು ಉಗಿದವನಂತೆ ಕಾಣುತ್ತಿದ್ದ.

ಮಾವ ಅವಳ ಬೆನ್ನು ತಟ್ಟಿದ. "ಗೆದ್ದೆ ಕಣೆ. ನಡಿ, ಕಾಲು ಒದ್ದೆಯಾಯ್ತು."

ಅವಳು ಕದಲಲಿಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ಕಚ್ಚುಗಳ ಮೇಲೆ ಹಿಡಿದಿದ್ದಳು. ತುದಿಯ ಹಲ್ಲು. ಅದರ ಪಕ್ಕ ಒಂದು. ಇನ್ನೊಂದು. ಆಮೇಲೆ ಬರಿಯ ಕಪ್ಪು. ಆಮೇಲೆ ಮತ್ತೊಂದು, ತೀರಾ ತೆಳು. ಕೊನೆಗೆ ಇನ್ನೊಂದು ತುದಿ.

"ಮೇಸ್ತ್ರಿಗಳೇ, ಮಧ್ಯದ ಹಲ್ಲು ಒಂದಕ್ಕಿಂತ ಒಂದು ಗಿಡ್ಡ ಅಂದಿರಿ."

"ಹೌದು, ಈ ಕಡೆಯಿಂದ ಆ ಕಡೆಗೆ."

"ಗಿಡ್ಡ ಹಲ್ಲು ಬಣ್ಣ ಮುಟ್ಟಿದೆ ಅಂದ್ರೆ ಅದಕ್ಕಿಂತ ಉದ್ದದ್ದು ಮುಟ್ಟಲೇಬೇಕಲ್ವಾ?"

"ಮುಟ್ಟಲೇಬೇಕು."

"ಇಲ್ಲಿ ತುದಿ ಹಲ್ಲು ಬಿಟ್ಟು ಎಣಿಸಿದ್ರೆ ನಾಲ್ಕನೇದು ಮುಟ್ಟಿದೆ. ಮೂರನೇದು ಮುಟ್ಟಿಲ್ಲ."

ಮೇಸ್ತ್ರಿ ಗಾಜಿನೊಳಗೆ ಇಣುಕಿದ. ಕಸುಬಿನವನ ಕಣ್ಣು ಹೆದರಿಕೆಯನ್ನು ಮರೆಯಿತು. "ಹಲ್ಲು ಮುರಿದಿದೆ."

"ಮೈಕ್ರಾನ್ ಅವರ ಬಾಚಣಿಗೆ ಹಲ್ಲು ಮುರಿದಿತ್ತಾ?"

"ಅಣ್ಣಂದಾ? ಸಾಧ್ಯಾನೇ ಇಲ್ಲ. ಹೆಂಡತಿನಾದ್ರೂ ಬಿಟ್ಟಾನು, ಮುರುಕು ಬಾಚಣಿಗೆ ಇಟ್ಕೊಳ್ಳೋನಲ್ಲ."

ಅದು ಅವಳಿಗೂ ಗೊತ್ತಿತ್ತು. ಹೆಣದ ಜೇಬಿನಲ್ಲಿ ಸಿಕ್ಕ ಬಾಚಣಿಗೆಯನ್ನು ಠಾಣೆಯ ಮೇಜಿನ ಮೇಲೆ ಅವಳೇ ತಿರುಗಿಸಿ ನೋಡಿದ್ದಳು. ಹೊಸದರಂತಿತ್ತು. ಒಂದು ಹಲ್ಲೂ ಹೋಗಿರಲಿಲ್ಲ.

"ಬುಸ್ಸಣ್ಣನ ಹತ್ರ ಬಾಚಣಿಗೆ ಇದೆಯಾ?"

"ಯಾರ ಹತ್ರಾನೂ ಇಲ್ಲ. ಅಣ್ಣ ಬಿಡ್ತಿರಲಿಲ್ಲ. ತಾನು ಒತ್ತದ ಗುರುತು ಕಂಡ್ರೆ ಅಷ್ಟೂ ಭಾಗ ಕೆರೆಸಿಬಿಡ್ತಿದ್ದ. ತಾನು ಒತ್ತಿದ್ರೂ ತಕ್ಷಣ ಬ್ರಷ್ ಆಡಿಸಿ ಮುಚ್ಚಿಸೋನು."

ಹಾಗಿದ್ದರೆ ಇದು ಮೈಕ್ರಾನ್ ಒತ್ತಿದ್ದಲ್ಲ. ಕಪ್ಪು ಹಸಿ ಇದ್ದ ಆ ಅರ್ಧ ಗಂಟೆಯಲ್ಲಿ, ಬುಸ್ಸಣ್ಣ ಮುಸುಕು ಹಾಕಿ ಬಣ್ಣ ಹೊಡೆಯುತ್ತಿದ್ದಾಗ, ಮೇಸ್ತ್ರಿ ಶೆಡ್ಡಿನಲ್ಲಿ ಮಲಗಿದ್ದಾಗ, ಇನ್ನೊಬ್ಬರು ಈ ಗುಂಡಿಯಲ್ಲಿದ್ದರು. ಆ ಕೈಗೆ ಬಾಚಣಿಗೆ ಒತ್ತುವುದು ಗೊತ್ತಿತ್ತು. ಒತ್ತಿದ ಗುರುತನ್ನು ಮುಚ್ಚಬೇಕೆಂಬುದು ಗೊತ್ತಿರಲಿಲ್ಲ. ಅಥವಾ ಮುಚ್ಚಲು ಹೊತ್ತು ಸಿಕ್ಕಿರಲಿಲ್ಲ.

ಎರಡನೇ ಸೈರನ್ ಕೂಗಿತು.

"ತೇಪೆ ಹಾಕಿ ಹತ್ತೋಣ ಮೇಡಂ" ಎಂದ ಮೇಸ್ತ್ರಿ. ಡಬ್ಬಿ ತೆರೆದು ಎರಡು ಬಗೆಯ ಬಣ್ಣ ಬೆರೆಸತೊಡಗಿದ್ದ. "ಕಿಡಿ ಹಾರಿದ ಜಾಗ ಹಾಗೇ ಬಿಟ್ರೆ ಮರಳು ಅಲ್ಲಿಂದಾನೇ ತಿನ್ನೋಕೆ ಶುರು ಮಾಡುತ್ತೆ."

"ಒಂದು ನಿಮಿಷ." ಅವಳು ಫೋನು ತೆಗೆದು ಫೋಟೋ ಹೊಡೆದಳು. ಕಪ್ಪಿನ ಮೇಲೆ ಕಪ್ಪು. ಇನ್ನೊಂದು ಹೊಡೆದಳು. ಅದರಲ್ಲಿ ಟಾರ್ಚಿನ ಬೆಳಕಷ್ಟೇ ಬಂತು. "ಮಾವ, ಜೀಪಿನ ಟ್ಯಾಂಕು ಸೋರಿದ್ರೆ ಮೆತ್ತೋಕೆ ಸಾಬೂನು ಇಟ್ಕೊಂಡಿರ್ತೀಯಲ್ಲ?"

"ಜೇಬಲ್ಲೇ ಇದೆ. ಬರುವಾಗ ಸೋರ್ತಿತ್ತು."

"ಕೊಡು."

ಅವಳು ಬಟ್ಟೆಸಾಬೂನಿನ ತುಂಡನ್ನು ಅಂಗೈಯಲ್ಲಿ ಹಿಟ್ಟಿನಂತೆ ನಾದಿದಳು. ಬೆಚ್ಚಗಾಗಿ ಮೆತ್ತಗಾದ ಮೇಲೆ ಕಚ್ಚುಗಳ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು.

ಮೇಸ್ತ್ರಿ ಹೌಹಾರಿದ. "ಅಯ್ಯಯ್ಯೋ, ಸಾಬೂನು ಸೋಕಿದ ಕಡೆ ಬಣ್ಣ ಹಿಡಿಯಲ್ಲ ಮೇಡಂ. ಅಣ್ಣ ಇದ್ದಿದ್ರೆ ನಿಮ್ಮನ್ನ ಇಲ್ಲೇ ಹೂಳ್ತಿದ್ದ."

"ಥಿನ್ನರ್ ಹಾಕಿ ಒರೆಸ್ಕೊಳ್ಳಿ. ನಿಮ್ಮ ಸುಳ್ಳು ಒರೆಸೋದಕ್ಕಿಂತ ಸುಲಭ."

ಸಾಬೂನು ನಿಧಾನವಾಗಿ ಬಿಟ್ಟು ಬಂತು. ಅದರ ಮೈಮೇಲೆ ಪುಟ್ಟ ಹಲ್ಲುಗಳ ಸಾಲು ಎದ್ದು ನಿಂತಿತ್ತು. ನಡುವೆ ಒಂದು ಬೊಚ್ಚು. ಮಾವ ಬೀಡಿ ಡಬ್ಬಿ ಖಾಲಿ ಮಾಡಿ ಅದರೊಳಗೆ ಇರಿಸಿಕೊಟ್ಟ.

"ನೀರು ತಾಗಿಸ್ಬೇಡ ಮತ್ತೆ. ಸಾಕ್ಷಿ ನೊರೆಯಾಗಿ ಹೋಗುತ್ತೆ."

ಅವರು ಏಣಿಯ ಅರ್ಧ ಹತ್ತುವಷ್ಟರಲ್ಲಿ ಮೇಸ್ತ್ರಿಯ ತೇಪೆ ಮುಗಿದಿತ್ತು. ಗುರುತಿದ್ದ ಜಾಗದಲ್ಲಿ ಈಗ ಅಂಗೈಯಗಲದ ಹೊಳೆಯುವ ಕಪ್ಪು. ನೀರಿನೊಳಗೂ ಗಟ್ಟಿಯಾಗುವ ಜಾತಿಯ ಬಣ್ಣ.

ಮೇಲೆ ಗಾಳಿ ಜೋರಾಗಿತ್ತು. ಮೇಸ್ತ್ರಿ ಎಂಜಿನಿಯರ್ ಎದುರು ನಿಂತು ಎಲ್ಲ ಹೇಳಿದ. ಎಂಜಿನಿಯರ್ ಅವನನ್ನು ಒಂದು ಗಳಿಗೆ ನೋಡಿದ. "ಇಷ್ಟು ದಿನ ನನ್ನ ಜೊತೆ ಕೂತು ಚಹಾ ಕುಡಿದ್ಯಲ್ಲೋ" ಎಂದಷ್ಟೇ ಹೇಳಿ ಯಂತ್ರಗಳ ಕೋಣೆಗೆ ಓಡಿದ. ಮೇಸ್ತ್ರಿ ಅವನ ಹಿಂದೆ ಹೋದ. ಠಾಣೆಗೆ ಹೊರಡಲು ಮಾವ ಜೀಪು ತರಲು ಹೋದ.

ಕಂಬಿಯ ಬಳಿ ಇಬ್ಬರೇ ಉಳಿದರು.

ತಡೆಗೋಡೆಯ ಮೇಲಿನ ಹಲಗೆ ಎದ್ದಿತು. ನದಿ ಗುಂಡಿಯೊಳಕ್ಕೆ ನುಗ್ಗಿದ ರಭಸಕ್ಕೆ ಕಾಲಡಿಯ ಸಿಮೆಂಟು ನಡುಗಿತು. ಕೆಂಪು ಮರಳುನೀರು ಗೇಟಿನ ಮೊಣಕಾಲು, ಸೊಂಟ, ಎದೆ ಎಂದು ಏರುತ್ತ ಹೋಯಿತು. ತೇಪೆ ಹಾಕಿದ ಮೂಲೆ ಮುಳುಗಿತು.

"ಹಾಗಾದ್ರೆ ನನ್ನ ತಮ್ಮ ತಳ್ಳಲಿಲ್ಲ" ಎಂದಳು ಅಕ್ಕ. ಒಂದು ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ರಕ್ತ ಆಡಿತ್ತು. ಬೀಡಿ ಡಬ್ಬಿಯ ಸಮೇತ ಭೂತಗನ್ನಡಿಯ ಎರಡೂ ಕೈ ಹಿಡಿದುಕೊಂಡಳು. "ಬಿಡ್ತಾರಲ್ವಾ ಮೇಡಂ? ಇವತ್ತೇ ಬಿಡ್ತಾರಾ? ಅವನಿಗೆ ಹಾಸಿಗೆ ಕೊಟ್ಟಿಲ್ಲವಂತೆ. ಬೆನ್ನು ನೋವಿನೋನು."

"ಮೇಸ್ತ್ರಿ ಹೇಳಿಕೆ ವಾಪಸ್ ತಗೊಂಡ್ರೆ ಅವನ ಮೇಲೆ ಏನೂ ಉಳಿಯಲ್ಲ."

"ದೇವರು ದೊಡ್ಡೋನು." ಅಕ್ಕ ಕಣ್ಣೊರೆಸಿಕೊಂಡಳು. "ಬನ್ನಿ, ಇದನ್ನೊಂದು ಮುಚ್ಚಿಬಿಡ್ತೀನಿ. ಗಾಳೀಲಿ ಇಟ್ರೆ ಅವರು 'ಬ್ಯಾಟರಿ ಹಾಳು' ಅಂತ ಬಯ್ಯೋರು."

ಕಿಡಿಯಂತ್ರವನ್ನು ಒರೆಸಿ, ತಂತಿ ಸುತ್ತಿ, ಪೆಟ್ಟಿಗೆಯೊಳಗೆ ಇಳಿಸಿದಳು. ಒಂದೊಂದೂ ಅದರದರ ಜಾಗಕ್ಕೆ. ಕೈಗಳು ಆ ಕೆಲಸವನ್ನು ಹತ್ತಾರು ಸಲ ಮಾಡಿದ ಕೈಗಳು. ಮುಚ್ಚಳ ಹಾಕಿ, ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಗೊಂಚಲನ್ನು ಎಳೆದಳು.

ಗೊಂಚಲು ಗಾಳಿಗೆ ತೂಗಾಡಿತು. ಆರೇಳು ಬೀಗದ ಕೈ. ಅವುಗಳ ನಡುವೆ ಚಪ್ಪಟೆಯಾದ ಉಕ್ಕಿನ ಬಿಲ್ಲೆ. ಅಂಚಿಗೆ ಹಲ್ಲು.

"ಅದೇನದು?" ಭೂತಗನ್ನಡಿಯ ದನಿ ಅವಳಿಗೇ ದೂರದಿಂದ ಕೇಳಿಸಿತು.

"ಇದಾ? ಅವರ ಹಳೇ ಬಾಚಣಿಗೆ." ಅಕ್ಕ ಬೀಗ ತಿರುಗಿಸುತ್ತಲೇ ಹೇಳಿದಳು. "ಹಲ್ಲು ಹೋಯ್ತು ಅಂತ ಬಿಸಾಕಿದ್ರು. ಉಕ್ಕು ಚೆನ್ನಾಗಿದೆಯಲ್ಲ ಅಂತ ನಾನು ಗೊಂಚಲಿಗೆ ಹಾಕ್ಕೊಂಡೆ. ತಮ್ಮನಿಗೆ ಕೆಲಸ ಕಲಿಸುವಾಗ ಇದನ್ನೇ ಹಿಡಿದು ತೋರಿಸೋರು, ನಾನೂ ಪಕ್ಕದಲ್ಲಿ ಕೂತು ಕಲ್ತೆ."

"ಯಾರಿಗಾದ್ರೂ ಕೊಟ್ಟಿದ್ರಾ? ಕಳೆದ ವಾರ?"

"ಬೀಗದ ಕೈ ಯಾರಿಗೆ ಕೊಡ್ಲಿ? ಮಲಗಿದ್ರೂ ನನ್ನ ಸೊಂಟ ಬಿಡಲ್ಲ ಇದು."

ಬೀಗ ಖಟ್ಟೆಂದು ಕೂತಿತು. ಮೂರನೇ ಹಲ್ಲಿನ ಜಾಗದಲ್ಲಿ ಮೊಂಡು. ಉಳಿದ ಹಲ್ಲುಗಳ ಬುಡದಲ್ಲಿ, ಒರೆಸಿದರೂ ಹೋಗದೆ, ದಾರದೆಳೆಯಂತೆ ಗಟ್ಟಿಯಾಗಿ ಕೂತ ಕಪ್ಪು. ಅದರಲ್ಲಿ ಗಾಜಿನ ಚಕ್ಕೆಯೊಂದು ಬಿಸಿಲಿಗೆ ಮಿಂಚಿತು.

ಅಕ್ಕ ಎದ್ದು ನಿಂತಳು. ಭೂತಗನ್ನಡಿ ನೋಡುತ್ತಿದ್ದುದು ಎಲ್ಲಿಗೆಂದು ಅವಳೂ ನೋಡಿದಳು. ಗೊಂಚಲು ಅವಳ ಮುಷ್ಟಿಯೊಳಗೆ ಮುಚ್ಚಿಕೊಂಡಿತು. ಮುಖದ ರಕ್ತ ಇಳಿಯಲಿಲ್ಲ. ನಗು ಮಾತ್ರ ಹೋಯಿತು.

"ಕೆಳಗೆ ಏನು ಸಿಕ್ತು ನಿಮಗೆ?"

"ನೀವು ಇಲ್ಲಿಗೆ ಯಾವತ್ತೂ ಬಂದಿಲ್ಲ ಅಂದ್ರಿ."

"ಒಂದೇ ಸಲ ಬಂದೆ, ತಮ್ಮ ಹೊಡೆದ ಬಣ್ಣ ಸರಿ ಇದೆ ಅಂತ ಒತ್ತಿ ತೋರಿಸೋಕೆ; ಅವರು ಕೇಳ್ಲಿಲ್ಲ. ನಾನು ನಿಮ್ಮನ್ನ ಕರೆಸಿದ್ದು ನನ್ನ ತಮ್ಮನ್ನ ಬಿಡಿಸೋಕೆ ಮೇಡಂ." ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಸಾಮಾನು ಕೇಳುವವಳ ದನಿ. "ಅವನು ಬಿಡುಗಡೆ ಆದ. ನಿಮ್ಮ ಕೆಲಸ ಮುಗೀತು. ಆ ಡಬ್ಬಿ ಕೊಡಿ."

ದೂರದಲ್ಲಿ ಜೀಪಿನ ಹಾರನ್ ಎರಡು ಸಲ ಕೂಗಿತು. ಅಲ್ಲಿಂದ ಮಾವನಿಗೆ ಕಾಣುವುದು ಮಾತಾಡುತ್ತ ನಿಂತ ಇಬ್ಬರು ಹೆಂಗಸರು, ಅಷ್ಟೇ.

ಅಕ್ಕ ಡಬ್ಬಿ ಹಿಡಿದ ಕೈಯ ಮಣಿಕಟ್ಟನ್ನು ಹಿಡಿದಳು. ಹಿಡಿತ ಬಿಗಿಯಾಗಿತ್ತು. ಭೂತಗನ್ನಡಿ ಹಿಂದೆ ಸರಿದಳು. ಬೆನ್ನಿಗೆ ಕಂಬಿ ತಾಗಿತು. ಕಂಬಿಯಾಚೆ, ಒಂದಾಳು ಆಳದಲ್ಲಿ, ನೀರು ಇನ್ನೂ ಏರುತ್ತಿತ್ತು.

ಡಬ್ಬಿಯ ಮುಚ್ಚಳ ಬಿಚ್ಚಿಕೊಂಡಿತು.